ಡಾಕ್ಟರಮ್ಮ ಕುಡಿದ ನೀರು

ಹೆದರುಪುಕ್ಕಲರು ಡಾಕ್ಟರಾಗಬಾರದು ಎಂದು ಹೇಳುವವರಿದ್ದಾರೆ. ಅಂಥವರು ನಮ್ಮ ಬಿಸಿನೀರು ಡಾಕ್ಟರಮ್ಮನನ್ನು ನೋಡಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಆಕೆಗೆ ನಾಯಿ ಬೊಗಳಿದರೆ ಭಯ, ಬೊಗಳದೆ ಸುಮ್ಮನೆ ನೋಡಿದರೆ ಇನ್ನೂ ಭಯ. ತರಗತಿಗೆ ಮೊದಲನೆಯವಳಾಗುತ್ತಿದ್ದದ್ದೂ ಭಯದಿಂದಲೇ. ಫೇಲಾದರೆ ಏನು ಗತಿ ಎಂದು ಹಗಲೂ ರಾತ್ರಿ ಓದಿದ ಹುಡುಗಿ ಫೇಲಾಗುವುದಾದರೂ ಹೇಗೆ? ಹಾಗೆ ಹೆದರಿ ಹೆದರಿಯೇ ಡಾಕ್ಟರಾದಳು, ಸರ್ಕಾರದ ಆರೋಗ್ಯ ಇಲಾಖೆ ಸೇರಿದಳು, ಕೊನೆಗೆ ಒಂದು ದೊಡ್ಡ ಊರಿನ ಮುಖ್ಯ ಆರೋಗ್ಯಾಧಿಕಾರಿಯಾಗಿ, ಮಾತಿನಲ್ಲೂ ಬರಹದಲ್ಲೂ 'ಅವರು' ಎನ್ನಿಸಿಕೊಳ್ಳುವಷ್ಟು ದೊಡ್ಡವರಾದರು. ಭಯ ಮಾತ್ರ ಅವರಿಗೆ ಮರ್ಯಾದೆ ಕೊಡಲಿಲ್ಲ. ಹಳೇ ಗೆಳತಿಯ ಹಾಗೆ ಏಕವಚನದಲ್ಲೇ ಕರೆಯುತ್ತಾ ಜೊತೆಗೆ ಬಂತು.

ಆ ಭಯಗಳಲ್ಲೆಲ್ಲ ದೊಡ್ಡದೊಂದಿತ್ತು, ಅದಕ್ಕೆ ಬಣ್ಣವೂ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರಿಗೆ ಸಣ್ಣ ಊರೊಂದರ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಡ್ಯೂಟಿ. ಊರಿನ ತುಂಬ ಕಾಮಾಲೆ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಅದು. ಗಂಡಸರಿಗೆ, ಮಕ್ಕಳಿಗೆ ಬಂದರೆ ಕಣ್ಣು ಹಳದಿಯಾಗಿ, ಊಟ ಸೇರದೆ, ಕೆಲವು ವಾರ ಸತಾಯಿಸಿ ಹೋಗುತ್ತಿತ್ತು. ತಿಂಗಳು ತುಂಬುತ್ತಿರುವ ಬಸುರಿಯರ ಹತ್ತಿರ ಮಾತ್ರ ಅದು ಬೇರೆಯೇ ಮುಖ ಹೊತ್ತು ಬರುತ್ತಿತ್ತು. ಹಾಗೆ ಬಂದು ಸೇರಿದ್ದವಳೊಬ್ಬಳು ಒಂದು ಮಧ್ಯಾಹ್ನ ಮಂಚದ ಮೇಲೆ ಎದ್ದು ಕೂತು, ಇವರ ಕೈ ಹಿಡಿದುಕೊಂಡು, "ಡಾಕ್ಟ್ರೇ, ಒಲೆ ಮೇಲೆ ಹಾಲಿಟ್ಟು ಬಂದುಬಿಟ್ಟಿದ್ದೀನಿ. ಸೀದುಹೋಗುತ್ತೆ. ಒಂದು ಗಳಿಗೆ ಮನೆಗೆ ಬಿಡಿ" ಅಂದಳು. ನಗುತ್ತಲೇ ಅಂದಳು. "ನಿಮ್ಮತ್ತೆ ಇಳಿಸಿರ್ತಾರೆ ಬಿಡಮ್ಮ" ಎಂದು ಇವರೂ ನಕ್ಕರು.

ಆಕೆ ಮನೆ ಬಿಟ್ಟು ಬಂದು ಆಗಲೇ ಎರಡು ಮೂರು ದಿನಗಳಾಗಿದ್ದವು. ಅದು ನೆನಪಾಗುತ್ತಲೇ ಇವರಿಗೆ ಅರ್ಥವಾಯಿತು. ಈಲಿ, ಅಂದರೆ ಲಿವರ್, ಕೈಕೊಟ್ಟಿತ್ತು, ವಿಷ ಮಿದುಳಿಗೇರಿತ್ತು. ಓಡಿಹೋಗಿ ದೊಡ್ಡ ಡಾಕ್ಟರನ್ನು ಕರೆತರುವಷ್ಟರಲ್ಲಿ ಆಕೆ ಇನ್ನೊಮ್ಮೆ ಹಾಲಿನ ಮಾತೆತ್ತಿ, ನಿದ್ದೆಗೆ ಜಾರಿ, ಮತ್ತೆ ಏಳಲಿಲ್ಲ. ಹೊಟ್ಟೆಯೊಳಗಿನ ಕೂಸೂ ಉಳಿಯಲಿಲ್ಲ.

ಅದಾದ ಮೇಲೆ ಡಾಕ್ಟರಮ್ಮ ವಾರ್ಡಿನ ಕೆಲಸ ಬಿಟ್ಟರು. ರೋಗಿ ಬಂದ ಮೇಲೆ ಒದ್ದಾಡುವುದು ತನ್ನಿಂದಾಗದು, ಬಾರದ ಹಾಗೆ ನೋಡಿಕೊಳ್ಳುವ ಕೆಲಸವಿದ್ದರೆ ಕೊಡಿ ಎಂದು ಕೇಳಿ, ಸಾರ್ವಜನಿಕ ಆರೋಗ್ಯ ಓದಿಕೊಂಡು, ನೀರು ಚರಂಡಿಗಳ ಹಿಂದೆ ಬಿದ್ದರು. ಜೊತೆಗೆ ಓದಿದವರು ನರ್ಸಿಂಗ್ ಹೋಮ್ ಕಟ್ಟಿ, ಕಾರಿನ ಮೇಲೆ ಕಾರು ಬದಲಾಯಿಸಿ, "ನಮ್ಮ ಚರಂಡಿ ಡಾಕ್ಟ್ರು ಹೇಗಿದ್ದಾಳೆ?" ಎಂದು ಮದುವೆಮನೆಗಳಲ್ಲಿ ಕೇಳುತ್ತಿದ್ದರು. ಕೇಳಲಿ. ಅವರ ಮನೆಯ ನಲ್ಲಿಯಲ್ಲಿ ಶುದ್ಧ ನೀರು ಬರುತ್ತಿದ್ದದ್ದು ಈ ಚರಂಡಿ ಡಾಕ್ಟರಿಂದಲೇ ಅನ್ನುವುದು ಅವರಿಗೆಲ್ಲಿ ಗೊತ್ತಾಗಬೇಕು.

ಹೊಸ ಕೆಲಸದಲ್ಲಿ ಇವರಿಗೆ ಗುರುವಾಗಿ ಸಿಕ್ಕಿದವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಆರೋಗ್ಯಾಧಿಕಾರಿ. ಅವರದೊಂದು ಪದ್ಧತಿ. ಎಲ್ಲಾದರೂ ವಾಂತಿಭೇದಿಯೋ ಕಾಮಾಲೆಯೋ ಬಂದು, ಒಡೆದ ಪೈಪು ರಿಪೇರಿಯಾಗಿ, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಬಿದ್ದು, ನೀರು ಸರಿಹೋಯಿತು ಎಂದು ಖಾತ್ರಿಯಾದ ಮೇಲೆ, ಬೀದಿನಲ್ಲಿಗೆ ಹೋಗಿ ನಾಲ್ಕು ಜನರೆದುರು ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದರು. ಭಾಷಣ ಗೀಷಣ ಏನೂ ಇಲ್ಲ. ಬಾಯಿ ಒರೆಸಿಕೊಂಡು ಹೊರಟುಬಿಡುತ್ತಿದ್ದರು. ಮರುದಿನದಿಂದ ಜನ ಕೆರೆ ಹಳ್ಳಗಳನ್ನು ಬಿಟ್ಟು ನಲ್ಲಿಗೆ ಬರುತ್ತಿದ್ದರು.

"ನಿಮಗೆ ಹೆದರಿಕೆ ಆಗಲ್ವಾ ಸಾರ್?" ಎಂದು ಇವರು ಒಮ್ಮೆ ಕೇಳಿದರು.

"ಯಾಕಾಗಲ್ಲಮ್ಮ? ಆಗುತ್ತೆ. ಅದಕ್ಕೇ ಕುಡಿಯೋ ಮುಂಚೆ ಮೂರು ಸಲ ಪರೀಕ್ಷೆ ಮಾಡ್ತೀನಿ. ಹೆದರದೇ ಇರೋನು ಒಂದೇ ಸಲ ಮಾಡಿ ಕೈ ತೊಳ್ಕೋತಾನೆ."

ಭಯಕ್ಕೂ ಒಂದು ಕೆಲಸವಿದೆ ಎಂದು ಡಾಕ್ಟರಮ್ಮನಿಗೆ ಜೀವನದಲ್ಲಿ ಮೊದಲ ಸಲ ಅನ್ನಿಸಿತು. ಗುರುಗಳ ಪದ್ಧತಿಯನ್ನು ಕಣ್ಣಿಗೊತ್ತಿಕೊಂಡು ತಮ್ಮದಾಗಿಸಿಕೊಂಡರು. ವರ್ಗವಾಗಿ ಹೋದ ಊರುಗಳಲ್ಲೆಲ್ಲ ಪರೀಕ್ಷೆಯ ಗಾಜಿನ ನಳಿಕೆ ಬ್ಯಾಗಿನಲ್ಲಿರುತ್ತಿತ್ತು. ನೀರಿಗೆ ಎರಡು ಹನಿ ಮದ್ದು ಹಾಕಿದರೆ ತಿಳಿಹಳದಿ ಬಣ್ಣ ಬರಬೇಕು. ಬಂದರೆ ಕ್ರಿಮಿ ಕೊಲ್ಲುವಷ್ಟು ಕ್ಲೋರಿನ್ ಇದೆ ಎಂದರ್ಥ. ಮೂರು ಸಲ ಬಣ್ಣ ಬಂದ ಮೇಲೆ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಆಮೇಲಿನ ವಾರಗಳಲ್ಲಿ ಕನ್ನಡಿ ಕಂಡಲ್ಲೆಲ್ಲ ಕೆಳರೆಪ್ಪೆ ಎಳೆದು ಬಿಳಿಗುಡ್ಡೆ ನೋಡಿಕೊಳ್ಳುತ್ತಿದ್ದರು. ಜೀಪಿನ ಪಕ್ಕದ ಕನ್ನಡಿಯನ್ನೂ ಬಿಡುತ್ತಿರಲಿಲ್ಲ.

ಆದರೆ ಇಲಾಖೆಯ ಕೈಗೆ ಸಿಕ್ಕಿದ ಒಳ್ಳೆಯ ಪದ್ಧತಿ ಹಾಗೇ ಉಳಿಯುವುದುಂಟೆ? ಡಾಕ್ಟರಮ್ಮ ದೊಡ್ಡವರಾದಂತೆ ನೀರು ಕುಡಿಯುವುದೂ ಒಂದು ಸಮಾರಂಭವಾಯಿತು. ಮೊದಲು ಬೊಗಸೆ ಹೋಗಿ ಲೋಟ ಬಂತು. ಆಮೇಲೆ ಮೇಜು, ಮೇಜಿಗೆ ಬಿಳಿ ಬಟ್ಟೆ, ಮುಚ್ಚಳವಿದ್ದ ಗಾಜಿನ ಹೂಜಿ, ಮೈಕು, ಫೋಟೋದವರು. ನಲ್ಲಿಯಿಂದ ಹೂಜಿ ತುಂಬಿಡುವುದು ಅಟೆಂಡರ್ ಕೆಲಸವಾಯಿತು. ಅವರ ಅಟೆಂಡರ್ ಮಾತು ಕಡಿಮೆಯ, ವಯಸ್ಸಾದ ಮನುಷ್ಯ. ಡಾಕ್ಟರಮ್ಮನನ್ನು ಕಂಡರೆ ಪ್ರಾಣ. ಅವರು ಎಲ್ಲಿಗೆ ವರ್ಗವಾದರೂ ಅರ್ಜಿ ಹಾಕಿಕೊಂಡು ಹಿಂದೆಯೇ ಬಂದಿದ್ದ.

ಇತ್ತ ಮನೆಯಲ್ಲಿ ಬೇರೆಯೇ ಕಾನೂನು. ಊರಿಗೆಲ್ಲ ನಲ್ಲಿ ನೀರು ಕುಡಿದು ತೋರಿಸುವ ಡಾಕ್ಟರಮ್ಮ ಮನೆಯಲ್ಲಿ ಕುದಿಸದ ಹನಿ ನೀರನ್ನು ಯಾರ ಬಾಯಿಗೂ ಬಿಡುತ್ತಿರಲಿಲ್ಲ. ಬಿಸಿನೀರು ಡಾಕ್ಟರಮ್ಮ ಎಂಬ ಹೆಸರು ನೆರೆಹೊರೆಯವರು ಇಟ್ಟದ್ದು. "ನಮ್ಮನೇಲಿ ಮನುಷ್ಯರಿಗೆ ಜ್ವರ ಬರಲ್ಲ, ನೀರಿಗೆ ಮಾತ್ರ ದಿನಾ ಜ್ವರ" ಎಂದು ಗಂಡ ತಮಾಷೆ ಮಾಡುತ್ತಿದ್ದರು. ಅವರು ಶಾಲಾ ಮೇಷ್ಟ್ರು. ನಗುನಗುತ್ತಲೇ ಒಂದು ದಿನ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅವರಿಗೆ ಯಾವ ನೀರನ್ನು ಕುದಿಸಿಕೊಟ್ಟಿದ್ದರೂ ಪ್ರಯೋಜನವಿರಲಿಲ್ಲ.

ಉಳಿದವಳು ಒಬ್ಬಳೇ ಮಗಳು. ಗೆಳತಿಯರ ಮನೆಗೆ, ಶಾಲೆಯ ಪ್ರವಾಸಕ್ಕೆ, ಕೊನೆಗೆ ತನ್ನ ಮದುವೆಯ ಮಂಟಪಕ್ಕೂ ಕುದಿಸಿದ ನೀರಿನ ಬಾಟಲಿ ಹೊತ್ತವಳು. ಆಕೆಗೆ ತಾಯಿಯ ಮೇಲೆ ಒಂದು ಸಿಟ್ಟು ಒಳಗೊಳಗೇ ಬೆಳೆದಿತ್ತು. ಊರವರಿಗೆ ಧೈರ್ಯ, ನನಗೆ ಮಾತ್ರ ಭಯ, ಇದು ಯಾವ ನ್ಯಾಯ?

ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಡಾಕ್ಟರಮ್ಮ ಇದ್ದದ್ದು ಮಗಳು ಮದುವೆಯಾಗಿ ಬಂದ ಊರಿನಲ್ಲೇ. ಮಗಳ ಮನೆ ಹಳೇ ಪೇಟೆಯ ಚೌಕದೆದುರು, ಒಂದು ಕಟ್ಟಡದ ಮೇಲಂತಸ್ತಿನಲ್ಲಿ. ಅಳಿಯನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಗಳು ಬಸುರಿ, ಆರು ತಿಂಗಳು ತುಂಬಿತ್ತು. ಆಗಲೇ ಹಳೇ ಪೇಟೆಯಲ್ಲಿ ಕಾಮಾಲೆ ಕಾಣಿಸಿಕೊಂಡಿತು.

ಮೊದಲ ಸುದ್ದಿ ಬಂದ ದಿನ ಡಾಕ್ಟರಮ್ಮನಿಗೆ ಜೀವ ಬಾಯಿಗೆ ಬಂತು. "ನನ್ನ ಕ್ವಾರ್ಟರ್ಸಿಗೆ ಬಂದುಬಿಡು" ಎಂದು ಮಗಳ ಕೈಕಾಲು ಹಿಡಿಯುವುದೊಂದು ಬಾಕಿ. "ಪೇಟೆ ತುಂಬ ಬಸುರಿಯರಿದ್ದಾರಮ್ಮ. ಅವರಿಗೆಲ್ಲ ಕ್ವಾರ್ಟರ್ಸ್ ಇದೆಯಾ?" ಎಂದಳು ಮಗಳು. ಡಾಕ್ಟರಮ್ಮ ತಾವೇ ಗಲ್ಲಿ ಗಲ್ಲಿ ತಿರುಗಿ ಒಡೆದ ಪೈಪು ಹುಡುಕಿಸಿದರು, ಬದಲಾಯಿಸಿದರು, ಟ್ಯಾಂಕು ತೊಳೆಸಿದರು, ಮನೆ ಮನೆಗೆ ಆರೋಗ್ಯ ಸಹಾಯಕಿಯರನ್ನು ಕಳಿಸಿದರು. ಹೊಸ ರೋಗಿಗಳು ಕಡಿಮೆಯಾದರು. ಆದರೆ ಜನರಿಗೆ ನಲ್ಲಿಯ ಮೇಲಿನ ನಂಬಿಕೆ ಹೋಗಿತ್ತು. ಊರಾಚೆಯ ಕಲ್ಲುಕ್ವಾರಿಯ ಹೊಂಡದಿಂದ ಯಾರೋ ಟ್ಯಾಂಕರಿನಲ್ಲಿ ಹಸಿರುಗಟ್ಟಿದ ನೀರು ತಂದು ಮಾರುತ್ತಿದ್ದರು, ಜನ ಮುಗಿಬಿದ್ದು ಕೊಳ್ಳುತ್ತಿದ್ದರು. ಹೀಗೇ ಬಿಟ್ಟರೆ ಇನ್ನೊಂದು ರೋಗ ಬರುವುದು ಖಂಡಿತ. ನಗರಸಭೆಯ ಕಮಿಷನರ್ ಫೋನು ಮಾಡಿದರು. "ಮೇಡಂ, ನೀವು ಚೌಕದಲ್ಲಿ ಒಂದು ಲೋಟ ಕುಡಿದುಬಿಡಿ. ನಿಮ್ಮ ಮಾತು ನಂಬ್ತಾರೆ."

ಹಿಂದಿನ ಸಂಜೆ ಡಾಕ್ಟರಮ್ಮ ಚೌಕದ ನಲ್ಲಿಗೆ ಹೋಗಿ ಮೂರು ಸಲ ಪರೀಕ್ಷೆ ಮಾಡಿದರು. ಮೂರು ಸಲವೂ ತಿಳಿಹಳದಿ. ಹಾಗೇ ಮಗಳ ಮನೆಯ ಮೆಟ್ಟಿಲು ಹತ್ತಿದರು.

"ನಾಳೆ ನೀನು ಕುಡೀತೀಯಂತೆ?" ಎಂದಳು ಮಗಳು.

"ಹೂಂ. ನೀನು ಮಾತ್ರ ಕುದಿಸಿದ್ದೇ ಕುಡಿ."

ಮಗಳ ಮುಖ ಬಿಗಿಯಾಯಿತು. "ಇಲ್ಲಮ್ಮ. ಕೆಳಗಡೆ ಮನೆಯವಳೂ ಬಸುರಿ. ಡಾಕ್ಟರಮ್ಮನ ಮಗಳೇ ಕುಡಿಯಲ್ಲ, ನಾವು ಯಾಕೆ ಕುಡೀಬೇಕು ಅಂತ ಕೇಳಿದ್ಲು. ನೀರು ಸರಿ ಇದೆ ಅನ್ನೋದಾದ್ರೆ ನನಗೂ ಸರಿ ಇರಬೇಕು. ನೀನು ಕುಡಿದ ತಕ್ಷಣ ಬಾಲ್ಕನೀಲಿ ನಿಂತು ನಾನೂ ಕುಡೀತೀನಿ."

ಡಾಕ್ಟರಮ್ಮ ಬೇಡಿಕೊಂಡರು, ಗದರಿದರು. ಮಗಳು ಜಗ್ಗಲಿಲ್ಲ. ಮೂರು ಸಲ ಬಣ್ಣ ಬಂದ ನೀರದು. ಸರಿ ಇಲ್ಲ ಎನ್ನಲು ಅವರ ಹತ್ತಿರ ಭಯವೊಂದನ್ನು ಬಿಟ್ಟು ಬೇರೆ ಆಧಾರವಿರಲಿಲ್ಲ.

ಬೆಳಿಗ್ಗೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಡ ಹಿಡಿದ ಹೆಂಗಸರು ನಲ್ಲಿಯ ಮುಂದೆ ಸಾಲುಗಟ್ಟಿದ್ದರು. ಕಮಿಷನರ್ ಉದ್ದಕ್ಕೆ ಮಾತಾಡಿದರು. ಅಟೆಂಡರ್ ಹೂಜಿಯಿಂದ ಲೋಟ ತುಂಬಿ ಕೊಟ್ಟ. ಡಾಕ್ಟರಮ್ಮ ಎಂದಿನಂತೆ ಕಣ್ಣು ಮುಚ್ಚಿ ಒಂದೇ ಗುಕ್ಕಿನಲ್ಲಿ ಕುಡಿದರು. ಚಪ್ಪಾಳೆ ಬಿತ್ತು, ಹೆಂಗಸರು ತಂದಿದ್ದ ಲೋಟಗಳನ್ನು ನಲ್ಲಿಗೆ ಒಡ್ಡಿದರು.

ಲೋಟ ಕೆಳಗಿಡುವಾಗ ಅವರ ನಾಲಿಗೆ ಏನೋ ಹೇಳಿತು. ಬ್ಲೀಚಿಂಗ್ ಪುಡಿಯ ಘಾಟಿಲ್ಲ. ಸಪ್ಪೆ ರುಚಿ. ತಳದಲ್ಲಿ ಒಂದಿಷ್ಟು ಉಗುರುಬೆಚ್ಚಗೆ. ಅದನ್ನು ಗುರುತಿಸಲು ಅವರಿಗೆ ಪ್ರಯೋಗಾಲಯ ಬೇಕಿರಲಿಲ್ಲ. ಆ ರುಚಿಯ ನೀರನ್ನು ಇಡೀ ಜನ್ಮ ಕುಡಿದಿದ್ದರು. ಅದು ಕುದಿಸಿ ಆರಿಸಿದ ನೀರು.

ಅಟೆಂಡರ್ ಕಡೆ ನೋಡಿದರು. ಅವನು ತಲೆ ತಗ್ಗಿಸಿ, ಉಪಕಾರ ಮಾಡಿ ಸದ್ದಿಲ್ಲದೆ ನಿಂತವರ ಹಾಗೆ ನಿಂತಿದ್ದ. ಹಾಗಾದರೆ ಈ ನಲ್ಲಿಯಲ್ಲಿ ಈಗ ಬರುತ್ತಿರುವ ನೀರು ಎಂಥದ್ದು? ಬೆಳಿಗ್ಗೆ ಅದನ್ನು ಯಾರೂ ಕುಡಿದು ನೋಡಿಲ್ಲ, ತಾನೂ ಕುಡಿದಿಲ್ಲ. ತಲೆಯೆತ್ತಿದರೆ ಎದುರಿನ ಬಾಲ್ಕನಿಯಲ್ಲಿ ಮಗಳು. ಒಣಹಾಕಿದ ಬಟ್ಟೆಗಳ ನಡುವೆ, ಕಂಬಿಗೆ ಹೊಟ್ಟೆ ತಾಗಿಸಿ ನಿಂತು, ನಗುತ್ತಾ ಸ್ಟೀಲ್ ಲೋಟ ಎತ್ತಿ ತೋರಿಸಿದಳು.

ಒಬ್ಬ ಹಿರಿಯ ಅಧಿಕಾರಿ ಇಂಥ ಹೊತ್ತಿನಲ್ಲಿ ಆಡಬೇಕಾದ ಗಂಭೀರ ಮಾತುಗಳು ನೂರಿದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಕುಡೀಬೇಡ ಮಗಳೇ! ಕುಡೀಬೇಡ!"

ಮೈಕು ಕಿರ್ರೆಂದು ಕಿರುಚಿತು. ಇಡೀ ಚೌಕ ಬೆಚ್ಚಿತು. ಬಾಯಿಯ ಹತ್ತಿರ ಲೋಟ ಒಯ್ದಿದ್ದ ಹೆಂಗಸರೆಲ್ಲ, ತಮಗೇ ಹೇಳಿದ್ದು ಎಂಬಂತೆ, ಲೋಟ ಇಳಿಸಿದರು.

"ಮೇಡಂ, ಏನಾಯ್ತು ನಿಮಗೆ?" ಕಮಿಷನರ್ ಮೈಕು ಕಿತ್ತುಕೊಳ್ಳಲು ಬಂದರು. ಡಾಕ್ಟರಮ್ಮ ಬಿಡಲಿಲ್ಲ. "ನಾನು ಕುಡಿದಿದ್ದು ಈ ನಲ್ಲಿ ನೀರಲ್ಲ. ಕುದಿಸಿದ ನೀರು. ನನಗೆ ಗೊತ್ತಿರಲಿಲ್ಲ. ಯಾರೂ ಕುಡೀಬೇಡಿ" ಎಂದರು. ಬ್ಯಾಗಿನಿಂದ ನಳಿಕೆ ತೆಗೆದು ನಲ್ಲಿಗೆ ಹಿಡಿದು, ಎರಡು ಹನಿ ಮದ್ದು ಬಿಟ್ಟರು. ಬಿಳಿ ಬಟ್ಟೆಯ ಮುಂದೆ ಹಿಡಿದು ನೋಡಿದರು. ಬಣ್ಣ ಬರಲಿಲ್ಲ. ಇನ್ನೊಮ್ಮೆ ಮಾಡಿದರು, ಮತ್ತೊಮ್ಮೆ ಮಾಡಿದರು. ನೀರು ನೀರಾಗಿಯೇ ನಿಂತಿತ್ತು. ರಾತ್ರಿ ನೀರು ನಿಲ್ಲಿಸಿದಾಗ ಇನ್ನೊಂದು ಬಿರುಕಿನಿಂದ ಪಕ್ಕದ ಚರಂಡಿಯ ನೀರು ನಲ್ಲಿಯ ಪೈಪಿನೊಳಕ್ಕೆ ಇಳಿದಿತ್ತು ಎಂಬುದು ಸಂಜೆ ಅಗೆಸಿದ ಮೇಲೆ ತಿಳಿಯಿತು.

ಪರೀಕ್ಷೆ ಮುಗಿದ ಕೂಡಲೇ ಅವರು ಮಗಳ ಮನೆಯ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಹತ್ತಿದರು. ಮಗಳು ಬಾಗಿಲಲ್ಲೇ ನಿಂತಿದ್ದಳು. ಲೋಟ ಕೈಯಲ್ಲೇ ಇತ್ತು.

"ಕುಡಿದ್ಯಾ?"

"ನೀನು ಕೂಗಿದಾಗ ಒಂದು ಗುಟುಕು ಬಾಯಲ್ಲಿತ್ತಮ್ಮ. ಗಾಬರಿಗೆ ನುಂಗಿಬಿಟ್ಟೆ."

ಡಾಕ್ಟರಮ್ಮ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಕೂಗದಿದ್ದರೆ ಇಡೀ ಲೋಟ ಹೋಗುತ್ತಿತ್ತು. ಕೂಗಿದ್ದರಿಂದ ಒಂದು ಗುಟುಕು ಹೋಯಿತು. ಯಾವ ತಕ್ಕಡಿಯಲ್ಲಿ ತೂಗುವುದು ಇದನ್ನು?

ಮಧ್ಯಾಹ್ನ ಅಟೆಂಡರ್ ಬಂದು ಗೋಡೆಗೆ ಒರಗಿ ನಿಂತ. ಕಣ್ಣು ಕೆಂಪಗಾಗಿತ್ತು. "ನೀರು ಸರಿ ಇದೆ ಅಂತ ನೀವೇ ನಿನ್ನೆ ಹೇಳಿದ್ರಲ್ಲ ಮೇಡಂ. ನಾನು ನೀರಿಗೆ ಹೆದರಿ ಕುದಿಸಲಿಲ್ಲ. ನೀವು ಕುಡಿದ ಮೇಲೆ ವಾರಗಟ್ಟಲೆ ಜೀಪಿನ ಕನ್ನಡೀಲಿ ಕಣ್ಣು ನೋಡ್ಕೊಳ್ಳೋದು ನನ್ನ ಕೈಲಿ ನೋಡೋಕಾಗ್ತಿರಲಿಲ್ಲ. ನಿಮ್ಮ ಭಯಕ್ಕೆ ಕುದಿಸಿದೆ."

"ಇದೊಂದೇ ಸಲಾನಾ?"

ಅವನು ನೆಲ ನೋಡಿದ. "ಹಿಂದಿನ ಊರಲ್ಲೂ, ಅದರ ಹಿಂದಿನದರಲ್ಲೂ. ಆಗೆಲ್ಲ ಪೂರ್ತಿ ಆರಿಸಿ ತರ್ತಿದ್ದೆ, ನಿಮಗೆ ಗೊತ್ತಾಗ್ತಿರಲಿಲ್ಲ, ಇವತ್ತು ಪುರುಸೊತ್ತಾಗಲಿಲ್ಲ."

ಡಾಕ್ಟರಮ್ಮ ಅವನನ್ನು ಬೈಯದೆ ಕಳಿಸಿದರು. ಅವನು ಹೋದ ಮೇಲೆ ಆ ಊರುಗಳ ಅಧಿಕಾರಿಗಳಿಗೆ ಫೋನು ಮಾಡಿ, ನಾನು ಬಂದು ಕುಡಿದುಹೋದ ಮೇಲೆ ಏನಾದರೂ ಆಯಿತೇ ಎಂದು ಕೇಳಿದರು. ಒಂದು ಕಡೆ ಏನೂ ಇಲ್ಲ ಎಂದರು. ಇನ್ನೊಂದು ಕಡೆ, "ಆಮೇಲೂ ಅಲ್ಲೊಂದು ಇಲ್ಲೊಂದು ಬರ್ತಿತ್ತು ಮೇಡಂ, ವಿಶೇಷ ಏನಿಲ್ಲ" ಎಂದರು. ಅಲ್ಲೊಂದು ಇಲ್ಲೊಂದು ಎಂದರೆ ಯಾರು, ಅವರಲ್ಲಿ ಬಸುರಿಯರಿದ್ದರೇ ಎಂದು ಕೇಳದೆ ಫೋನಿಟ್ಟುಬಿಟ್ಟರು. ಆ ಪ್ರಶ್ನೆ ಇವತ್ತಿಗೂ ಅವರ ಗಂಟಲಲ್ಲೇ ಇದೆ.

ಇಲಾಖೆ ಸುಮ್ಮನಿರಲಿಲ್ಲ. ತನಿಖೆ ಎಂದಿತು, ರಜೆಯ ಮೇಲೆ ಹೋಗಿ ಎಂದಿತು. ಅಟೆಂಡರ್ ಒಬ್ಬನ ಮೇಲೆ ಎಲ್ಲವನ್ನೂ ಹೊರಿಸಿ ಕೈ ತೊಳೆದುಕೊಳ್ಳಲು ಕಮಿಷನರ್ ದಾರಿ ತೋರಿಸಿದರು. ಡಾಕ್ಟರಮ್ಮ ಒಪ್ಪಲಿಲ್ಲ. ಬೊಗಸೆ ಬಿಟ್ಟು ಹೂಜಿ ಹಿಡಿದವಳು ನಾನು ಎಂದು ತನಿಖೆಯವರ ಮುಂದೆ ಹೇಳಿ ಸಹಿ ಹಾಕಿ ಬಂದರು. ಬೀದಿಯಲ್ಲಿ ಕೆಲವರು ನಾಟಕದವಳು ಎಂದರು, ಕೆಲವರು ನಮ್ಮನ್ನು ಉಳಿಸಿದಳು ಎಂದರು. ಎರಡೂ ಅವರ ಕಿವಿಗೆ ಬೀಳಲಿಲ್ಲ. ನೀರು ಕುದಿಸಲು ಒಂದು ದೊಡ್ಡ ಪಾತ್ರೆ ಹೊತ್ತುಕೊಂಡು ಮಗಳ ಮನೆಗೆ ಬಂದು ಠಿಕಾಣಿ ಹೂಡಿದರು.

ಈ ಕಾಮಾಲೆಯ ಕಾಟವೇ ಇದು. ಒಳಗೆ ಹೋದದ್ದು ತಕ್ಷಣ ಮುಖ ತೋರಿಸುವುದಿಲ್ಲ. ಎರಡು ವಾರಕ್ಕೂ ಬರಬಹುದು, ಎರಡು ತಿಂಗಳು ಕಾಯಿಸಿಯೂ ಬರಬಹುದು. ಅಷ್ಟರಲ್ಲಿ ಮಗಳಿಗೆ ತಿಂಗಳು ತುಂಬುತ್ತದೆ. ಅಂದರೆ ಬರುವುದಾದರೆ ಅದು ಸರಿಯಾಗಿ ಬರಬಾರದ ಹೊತ್ತಿಗೇ ಬರುತ್ತದೆ. ದಿನಾ ಬೆಳಿಗ್ಗೆ ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಮಗಳು ಎರಡು ತುತ್ತು ಕಡಿಮೆ ಉಂಡರೆ ಇವರಿಗೆ ಊಟ ಇಳಿಯುತ್ತಿರಲಿಲ್ಲ. ಸುಸ್ತು ಎಂದರೆ ಮತ್ತೆ ಕಿಟಕಿಯ ಬಳಿ ನಿಲ್ಲಿಸುತ್ತಿದ್ದರು. "ಬಸುರಿಗೆ ಸುಸ್ತಾಗದೆ ಇನ್ನು ನಿನಗಾಗುತ್ತಾ?" ಎಂದು ಮಗಳು ರೇಗುತ್ತಿದ್ದಳು. ರೇಗುತ್ತಾ ರೇಗುತ್ತಾ ಅವಳೂ ಹೆದರತೊಡಗಿದ್ದಳು. ತಾಯಿ ಕಾಣದಾಗ ಕನ್ನಡಿಯ ಮುಂದೆ ರೆಪ್ಪೆ ಎಳೆದುಕೊಳ್ಳುವುದನ್ನು ಡಾಕ್ಟರಮ್ಮ ಒಮ್ಮೆ ಕಂಡು, ಕಾಣದವರಂತೆ ಸರಿದುಹೋದರು. ಮೂರು ಸಲ ರಕ್ತ ಪರೀಕ್ಷೆಯಾಯಿತು, ಸರಿಯಾಗಿಯೇ ಇತ್ತು. ಆದರೆ ಚೌಕದ ನಲ್ಲಿಯೂ ಹಿಂದಿನ ಸಂಜೆ ಸರಿಯಾಗಿಯೇ ಇತ್ತಲ್ಲ.

ಕಾಯುವ ಎರಡು ತಿಂಗಳು ಮುಗಿಯುತ್ತಾ ಬಂದಿತ್ತು, ಹೆರಿಗೆ ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಮಗಳು ಊಟ ಮಾಡಿ ಮಲಗಿದ್ದಳು. ಡಾಕ್ಟರಮ್ಮ ಕಾಲಬುಡದಲ್ಲಿ ಕೂತು ಕೂಸಿನ ಬಟ್ಟೆ ಮಡಿಸುತ್ತಿದ್ದರು. ಮಗಳು ತಟ್ಟನೆ ಎದ್ದು ಕೂತಳು. ಕಣ್ಣಲ್ಲಿ ನಿದ್ದೆಯ ಮಬ್ಬು. ತಾಯಿಯ ಕೈ ಹಿಡಿದುಕೊಂಡು ನಕ್ಕಳು.

"ಅಮ್ಮ, ಒಲೆ ಮೇಲೆ ಹಾಲಿಟ್ಟಿದ್ದೆ. ಸೀದುಹೋಗುತ್ತೆ."

ಡಾಕ್ಟರಮ್ಮನ ಕೈಯಿಂದ ಬಟ್ಟೆ ಜಾರಿತು. ಅದೇ ನಗು, ಅದೇ ಹಿಡಿತ. ಅಡುಗೆಮನೆಯಿಂದ ತಾವು ಬಂದು ಕೂತು ಎಷ್ಟೋ ಹೊತ್ತಾಗಿತ್ತು. ಅಲ್ಲಿ ಹಾಲಿಟ್ಟದ್ದನ್ನು ಅವರು ಕಂಡಿರಲಿಲ್ಲ.

"ಇವತ್ತು ಯಾವ ವಾರ ಹೇಳು," ಎಂದರು.

"ಏನಮ್ಮಾ?"

"ವಾರ ಯಾವುದು ಹೇಳು! ನಾನು ಯಾರು? ಎರಡೂ ಕೈ ಮುಂದೆ ಚಾಚು. ಬೆರಳು ಅಗಲಿಸು. ಅಲ್ಲಾಡಿಸಬೇಡ."

ಈಲಿ ಸೋತವರ ಕೈ ಹಾಗೆ ಚಾಚಿದರೆ ಬಡಬಡ ಹೊಡೆದುಕೊಳ್ಳುತ್ತದೆ. ಮಗಳು ಬೆಪ್ಪಾಗಿ ಕೈ ಚಾಚಿದಳು. ಅವು ನಡುಗಿದವು. ಇಲ್ಲ, ನಡುಗುತ್ತಿದ್ದದ್ದು ಅವನ್ನು ಹಿಡಿದ ತಾಯಿಯ ಕೈಗಳೋ? ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಊರೂರಿನ ರೋಗ ಹಿಡಿದ ಡಾಕ್ಟರಿಗೆ ಎರಡು ಜೊತೆ ಕೈಗಳಲ್ಲಿ ಯಾವುದು ನಡುಗುತ್ತಿದೆ ಎಂದು ತಿಳಿಯಲಿಲ್ಲ.

"ಬಿಡಮ್ಮ, ಹಾಲು..." ಎಂದಳು ಮಗಳು ಮತ್ತೆ.

"ಹಾಲಿನ ಮಾತು ಆಡಬೇಡ!" ಎಂದು ಡಾಕ್ಟರಮ್ಮ ಕಿರುಚಿ, ಅವಳನ್ನು ಬರಸೆಳೆದು ತಬ್ಬಿಕೊಂಡರು. "ಮಲಗಬೇಡ. ಏನೇ ಆದರೂ ಮಲಗಬೇಡ ಮಗಳೇ."

ಆಗ ಅಡುಗೆಮನೆಯ ಕಡೆಯಿಂದ ವಾಸನೆ ಬಂತು. ಮೊದಲು ಸಣ್ಣಗೆ, ಆಮೇಲೆ ಘಾಟಾಗಿ, ಮೂಗು ಸುಡುವಷ್ಟು.

ಡಾಕ್ಟರಮ್ಮ ಓಡಿದರು. ಸಣ್ಣ ಉರಿಯ ಮೇಲೆ ಪಾತ್ರೆ ಕರ್ರಗಾಗಿತ್ತು, ಹಾಲು ಉಕ್ಕಿ, ಬತ್ತಿ, ತಳ ಹಿಡಿದು ಹೊಗೆಯಾಡುತ್ತಿತ್ತು. ಮಲಗುವ ಮುಂಚೆ ಮಗಳು ನಿಜವಾಗಿಯೂ ಹಾಲಿಟ್ಟಿದ್ದಳು, ನಿಜವಾಗಿಯೂ ಮರೆತಿದ್ದಳು. ಡಾಕ್ಟರಮ್ಮ ಒಲೆ ಆರಿಸಲಿಲ್ಲ. ಕಟ್ಟೆ ಹಿಡಿದುಕೊಂಡು ನಿಂತು, ಆ ಸೀದ ವಾಸನೆಯನ್ನು ಎದೆ ತುಂಬ ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಮಗಳು ಹೊಟ್ಟೆಗೆ ಕೈಯಾನಿಸಿಕೊಂಡು ನಿಧಾನವಾಗಿ ಬಂದು, ತಾನೇ ಒಲೆ ಆರಿಸಿದಳು. "ಆಗಿಂದ ಹೇಳ್ತಿದ್ದೀನಿ, ಕಿವಿಗೇ ಹಾಕ್ಕೊಳ್ಳಲ್ಲ. ಒಂದು ಪಾತ್ರೆ ಹಾಲಿಗೆ ಯಾರಾದರೂ ಹೀಗೆ ಅಳ್ತಾರಾ?"

"ಅಳ್ತಾರೆ," ಎಂದರು ಡಾಕ್ಟರಮ್ಮ. ಸೆರಗಿನಿಂದ ಮೂಗೊರೆಸಿಕೊಂಡು, ಮಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಇನ್ನೊಮ್ಮೆ ರೆಪ್ಪೆ ಎಳೆದು ನೋಡಿದರು.